ಅಗಲ ಅಂಚಿನ ಬೈಬಲ್: ಸ್ಟಿಕರ್ ಬದಿಗಿಡಿ, ಪೆನ್ಸಿಲ್ ಹಿಡಿಯಿರಿ

ಜರ್ನಲಿಂಗ್ ಬೈಬಲ್ ತಗೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ. ಆದರೆ ಅದರ ಜೊತೆ ಸ್ಟಿಕರ್, ಸ್ಟೆನ್ಸಿಲ್, ಬಣ್ಣದ ಟೇಪ್ ತುಂಬಿದ ಒಂದು ಕಿಟ್ ಮಾರುತ್ತಾರಲ್ಲ, ಅದು ಬೇಡ. ನಾನು ಎರಡನ್ನೂ ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ಬೈಬಲ್ ನನ್ನ ನಂಬಿಕೆಗೆ ಆಸರೆಯಾಯಿತು. ಕಿಟ್‌ನಿಂದ ಪುಟ ಚೆಂದ ಕಂಡಿತು, ಅಷ್ಟೇ. ಇವೆರಡರ ನಡುವಿನ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅನಿಸಿತು. ಯಾಕೆಂದರೆ ಇಂಥ ವಸ್ತುಗಳ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಪೆನ್ನು, ಕಾಗದ, ಬಣ್ಣ ಇಷ್ಟಕ್ಕೇ ನಿಂತುಬಿಡುತ್ತವೆ. ಪೆನ್ನು ಕಾಗದದ ವಿಷಯ ನಾನೂ ಹೇಳುತ್ತೇನೆ. ಆದರೆ ಬೈಬಲನ್ನು ಯಾರೂ ಪೆನ್ನಿಗೋಸ್ಕರ ಕೊಳ್ಳುವುದಿಲ್ಲ, ಅಲ್ವಾ?

ಇದೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಬೈಬಲಿನಲ್ಲಿ ಪುಟದ ತುಂಬ ಎರಡು ಕಾಲಂ ಅಕ್ಷರ ಇರುತ್ತದೆ. ಇದರಲ್ಲಿ ಒಂದೇ ಕಾಲಂ, ಹೊರಗಿನ ಅಂಚಿಗೆ ಸುಮಾರು 5 ಸೆಂಟಿಮೀಟರ್ ಖಾಲಿ ಜಾಗ. ಆದಿಕಾಂಡದಿಂದ ಪ್ರಕಟನೆವರೆಗೆ 66 ಪುಸ್ತಕಗಳಿಗೂ ಹೀಗೇ. ಆ ಜಾಗದಲ್ಲಿ ಟಿಪ್ಪಣಿ ಬರೆಯಬಹುದು, ಪ್ರಾರ್ಥನೆ ಬರೆಯಬಹುದು, ಚಿತ್ರ ಬಿಡಿಸಬಹುದು. ಅಷ್ಟು ಜಾಗ ಉಳಿಸಲು ಅಕ್ಷರವನ್ನು ಸಣ್ಣದು ಮಾಡಿರುತ್ತಾರೆ. ಕನ್ನಡಕ ಬಳಸುವವರು ಕೊಳ್ಳುವ ಮುಂಚೆ ಒಂದು ಅಧ್ಯಾಯ ಪೂರ್ತಿ ಓದಿ ನೋಡಿ. ನನಗಂತೂ ರಾತ್ರಿ ಹೊತ್ತು ಓದಲು ಇದು ಆಗುವುದಿಲ್ಲ, ಅದಕ್ಕೆ ಬೇರೆ ಬೈಬಲ್ ಇದೆ.

ಕಾಗದದ ವಿಷಯ. ಬೈಬಲ್ ಕಾಗದ ತೆಳುವಾಗಿರಲೇಬೇಕು, ಇಲ್ಲದಿದ್ದರೆ ಅಷ್ಟು ಪುಸ್ತಕಗಳು ಒಂದೇ ರಟ್ಟಿನೊಳಗೆ ಕೂರುವುದಿಲ್ಲ. ಜೆರಾಕ್ಸ್ ಮಾಡುವ ಕಾಗದ ಚದರ ಮೀಟರಿಗೆ 75-80 ಗ್ರಾಂ ತೂಗುತ್ತದೆ. ಬೈಬಲ್ ಕಾಗದ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಅಂದರೆ ಹತ್ತಿರ ಹತ್ತಿರ ಅರ್ಧ. ಇದರ ಮೇಲೆ ಬರೆದರೆ ಎರಡು ರೀತಿಯ ತೊಂದರೆ ಬರಬಹುದು. ಒಂದು, ಹಿಂಬದಿಯಿಂದ ನೆರಳಿನ ಹಾಗೆ ಕಾಣುವುದು. ಇದನ್ನು ತಪ್ಪಿಸಲು ಆಗುವುದಿಲ್ಲ, ಕೆಲವು ದಿನದಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತದೆ. ಇನ್ನೊಂದು, ಶಾಯಿಯೇ ಕಾಗದದೊಳಗೆ ಇಳಿದು ಆ ಕಡೆಗೆ ಚುಕ್ಕೆ ಚುಕ್ಕೆಯಾಗಿ ಬರುವುದು. ಇದನ್ನು ತಪ್ಪಿಸಲೇಬೇಕು, ಯಾಕೆಂದರೆ ಆ ಕಡೆ ಇರುವುದೂ ದೇವರ ವಾಕ್ಯವೇ.

ಹಾಗಾಗಿ ಕೊಂಡ ದಿನವೇ ಕೊನೆಯ ಖಾಲಿ ಹಾಳೆಯಲ್ಲಿ ಮನೆಯಲ್ಲಿರುವ ಪೆನ್ನುಗಳನ್ನೆಲ್ಲ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಅದರ ಹೆಸರು ಬರೆದಿಡಿ. ಮಾರನೆಯ ದಿನ ಹಾಳೆ ತಿರುಗಿಸಿ ನೋಡಿ. ನನ್ನ ಹಾಳೆಯಲ್ಲಿ ಬಂದದ್ದು ಇಷ್ಟು. ಸ್ಪಿರಿಟ್ ವಾಸನೆ ಬರುವ ಮಾರ್ಕರ್ ಒಂದೇ ಕ್ಷಣದಲ್ಲಿ ಕೆಳಗಿನ ಹಾಳೆಗೂ ಇಳಿಯಿತು. ಮಾಮೂಲಿ ಸ್ಕೆಚ್ ಪೆನ್ ಅರ್ಧಂಬರ್ಧ ಇಳಿಯಿತು. ಬಾಲ್ ಪೆನ್ ಇಳಿಯಲಿಲ್ಲ, ಆದರೆ ಒತ್ತಿ ಬರೆದರೆ ಹಿಂದೆ ಉಬ್ಬು ಬರುತ್ತದೆ. ಪಿಗ್ಮಾ ಮೈಕ್ರಾನ್ ಥರದ ಪಿಗ್ಮೆಂಟ್ ಶಾಯಿಯ ಪೆನ್ನು ಚೆನ್ನಾಗಿ ನಿಂತಿತು. ಅದರಲ್ಲಿ 01 ಅಂತ ಬರೆದಿರುವುದು 0.25 ಮಿಲಿಮೀಟರ್ ಗೆರೆ ಕೊಡುತ್ತದೆ, ಅಂಚಿನಲ್ಲಿ ಬರೆಯಲು ಅದು ಸಾಕು. ಪಿಗ್ಮೆಂಟ್ ಶಾಯಿಯ ಬಣ್ಣದ ಕಣ ಕಾಗದದ ಮೇಲ್ಭಾಗದಲ್ಲೇ ಕೂರುತ್ತದೆ, ನೀರು ತಾಗಿದರೂ ಹರಡುವುದಿಲ್ಲ, ಬೇಗ ಮಾಸುವುದಿಲ್ಲ. ಬಣ್ಣದ ಪೆನ್ಸಿಲ್ ಎಲ್ಲಕ್ಕಿಂತ ಸುರಕ್ಷಿತ. ಹೈಲೈಟರ್ ಬೇಕೇ ಬೇಕು ಅನ್ನುವವರು ಮೇಣದ ಕಡ್ಡಿಯ ಥರ ಇರುವ ಒಣ ಹೈಲೈಟರ್ ತಗೊಳ್ಳಿ.

ಜಲವರ್ಣ ಹಚ್ಚಬೇಕು ಅಂದರೆ ಮೊದಲು ಪಾರದರ್ಶಕ ಜೆಸ್ಸೋ, ಅಂದರೆ ಬಣ್ಣ ಕಾಗದದೊಳಗೆ ಇಳಿಯದ ಹಾಗೆ ತಡೆಯುವ ಲೇಪ, ತೆಳ್ಳಗೆ ಬಳಿದು ಒಣಗಿಸಬೇಕು ಅಂತ ಕಿಟ್‌ನ ಕೈಪಿಡಿ ಹೇಳುತ್ತದೆ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಜೆಸ್ಸೋ ಬಳಿದ ಪುಟ ದಪ್ಪ ಆಗುತ್ತದೆ, ಸ್ವಲ್ಪ ಸುರುಟಿಕೊಳ್ಳುತ್ತದೆ, ಪೂರ್ತಿ ಒಣಗದೆ ಮುಚ್ಚಿದರೆ ಪಕ್ಕದ ಪುಟಕ್ಕೆ ಅಂಟುತ್ತದೆ. ಅಂಥ ಪುಟಗಳು ಜಾಸ್ತಿ ಆದಂತೆ ಪುಸ್ತಕ ಮುಚ್ಚುವುದೇ ಇಲ್ಲ, ಬೆನ್ನಿನ ಹೊಲಿಗೆ ಮೇಲೆ ಭಾರ ಬೀಳುತ್ತದೆ. ನಾನು ಈಗ ಪೆನ್ಸಿಲ್, ಪೆನ್ನು ಎರಡರಲ್ಲೇ ಇದ್ದೇನೆ, ಏನೂ ಕಮ್ಮಿ ಅನಿಸಿಲ್ಲ.

ಬೈಂಡಿಂಗ್ ಹೊಲಿದದ್ದೇ ಇರಬೇಕು, ಬರೀ ಅಂಟು ಹಾಕಿದ್ದು ಬೇಡ. ಹೊಲಿದಿದ್ದರೆ ಪುಸ್ತಕ ತೆರೆದಿಟ್ಟಾಗ ಚಪ್ಪಟೆಯಾಗಿ ಮಲಗುತ್ತದೆ, ಆದಿಕಾಂಡದ ಮೊದಲ ಅಧ್ಯಾಯದಲ್ಲೂ. ಹೊಸದರಲ್ಲಿ ಮುಂದಿನಿಂದ ಸ್ವಲ್ಪ ಹಾಳೆ, ಹಿಂದಿನಿಂದ ಸ್ವಲ್ಪ ಹಾಳೆ ಹೀಗೆ ತೆರೆದು ಮೆಲ್ಲಗೆ ಒತ್ತುತ್ತಾ ಮಧ್ಯಕ್ಕೆ ಬನ್ನಿ. ಎಡಗಡೆ ಪುಟದಲ್ಲಿ ಬರೆಯುವಾಗ ಬಲಗೈಯವರಿಗೆ ಕಷ್ಟ ಇಲ್ಲ, ಬಲಗಡೆ ಪುಟದ ಅಂಚಿಗೆ ಬಂದಾಗ ಮಾತ್ರ ಕೈ ಪುಸ್ತಕದಿಂದ ಕೆಳಗೆ ಜಾರುತ್ತದೆ. ಒಂದು ಬಟ್ಟೆ ಮಡಚಿ ಪಕ್ಕಕ್ಕೆ ಇಟ್ಟುಕೊಂಡರೆ ಆಯಿತು. ಇನ್ನೊಂದು ಮುಖ್ಯ ವಿಷಯ: ಅಂಚಿನಲ್ಲಿ ಗೆರೆ ಹಾಕಿರುವುದು, ಹಾಕದಿರುವುದು ಎರಡೂ ಸಿಗುತ್ತವೆ. ಕನ್ನಡದಲ್ಲಿ ಬರೆಯುವವರು ಗೆರೆ ಇಲ್ಲದ್ದನ್ನೇ ಆರಿಸಿ. ಆ ಗೆರೆಗಳು ತುಂಬಾ ಒತ್ತೊತ್ತಾಗಿ ಇರುತ್ತವೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ಹೋಗಿ ಬಡಿಯುತ್ತದೆ, ‘ಕ್ರಿಸ್ತ’ ಅಂತ ಬರೆಯಲೂ ಜಾಗ ಸಾಲದು.

ವಸ್ತುವಿನ ವಿಷಯ ಇಷ್ಟು ಸಾಕು.

ಬೈಬಲಿನಲ್ಲಿ ಬರೆಯುವುದು ಸರಿಯಾ ಅಂತ ಕೆಲವರಿಗೆ ಸಂಕೋಚ ಇರುತ್ತದೆ. ಆ ಸಂಕೋಚದ ಹಿಂದೆ ಇರುವುದು ವಾಕ್ಯದ ಮೇಲಿನ ಗೌರವ, ಹಾಗಾಗಿ ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅಂಚಿನಲ್ಲಿ ಬರೆಯುವುದು ಇವತ್ತಿನ ಫ್ಯಾಷನ್ ಅಲ್ಲ. ಸಂಗೀತಗಾರ ಬಾಖ್ ಹತ್ತಿರ ಮೂರು ಸಂಪುಟದ ಒಂದು ವ್ಯಾಖ್ಯಾನದ ಬೈಬಲ್ ಇತ್ತು. ಅದರಲ್ಲಿ ಅವರ ಸಹಿ ಇದೆ, ಪಕ್ಕದಲ್ಲಿ 1733 ಅಂತ ಇದೆ. ಅವರು ಅದರಲ್ಲಿ ಅಡಿಗೆರೆ ಹಾಕಿದ್ದಾರೆ, ಬಿಟ್ಟುಹೋದ ಪದ ಸೇರಿಸಿದ್ದಾರೆ, ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾರೆ. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ, 5ನೆಯ ಅಧ್ಯಾಯದಲ್ಲಿ ಹಾಡುವವರು, ವಾದ್ಯ ನುಡಿಸುವವರು ಎಲ್ಲ ಒಂದೇ ಸ್ವರವಾದಾಗ ದೇವರ ಆಲಯ ಮೋಡದಿಂದ ತುಂಬಿತು ಅಂತ ಬರುತ್ತದೆ. ಅದರ ಪಕ್ಕದಲ್ಲಿ ಬಾಖ್, ಭಕ್ತಿಯಿಂದ ಮಾಡಿದ ಸಂಗೀತದಲ್ಲಿ ದೇವರು ತನ್ನ ಕೃಪೆಯೊಂದಿಗೆ ಯಾವಾಗಲೂ ಹಾಜರಿರುತ್ತಾನೆ ಎನ್ನುವ ಅರ್ಥದ ಸಾಲು ಬರೆದಿದ್ದಾರೆ. ಪುಸ್ತಕ ಈಗ ಅಮೆರಿಕದ ಸೇಂಟ್ ಲೂಯಿಸ್‌ನ ಕಾನ್ಕೋರ್ಡಿಯಾ ಸೆಮಿನರಿಯಲ್ಲಿದೆ. ಅಷ್ಟು ದೊಡ್ಡ ಸಂಗೀತಗಾರ ತನ್ನ ಕೆಲಸಕ್ಕೆ ಬೈಬಲಿನಲ್ಲಿ ಜಾಗ ಹುಡುಕಿಕೊಂಡದ್ದು ಹೀಗೆ, ಒಂದು ವಚನದ ಪಕ್ಕದಲ್ಲಿ ಕೂತು.

ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಸುವಾರ್ತೆಗಳ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳ ಒಂದು ಹಳೆಯ ಕೈಬರಹದ ಪ್ರತಿಯ, ಕಥೆ ಇದಕ್ಕಿಂತ ನನಗೆ ಹತ್ತಿರ. ಸುಮಾರು ಕ್ರಿ.ಶ. 700ರ ಹೊತ್ತಿಗೆ ಲ್ಯಾಟಿನ್‌ನಲ್ಲಿ ಬರೆದು ಅಲಂಕರಿಸಿದ, ಕಣ್ಣು ಕೀಳಲಾಗದಷ್ಟು ಸುಂದರವಾದ ಪುಸ್ತಕ ಅದು. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎನ್ನುವ ಒಬ್ಬ ಪಾದ್ರಿ ಅದರ ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಪದಕ್ಕೆ ಪದ ಹಳೆಯ ಇಂಗ್ಲಿಷ್ ಅರ್ಥ ಬರೆದರು. ಇವತ್ತಿಗೆ ಉಳಿದಿರುವ ಸುವಾರ್ತೆಗಳ ಇಂಗ್ಲಿಷ್ ಅನುವಾದಗಳಲ್ಲಿ ಅದೇ ಅತ್ಯಂತ ಹಳೆಯದು. ಅಂಥ ಪುಸ್ತಕದ ಮೇಲೆ ಗೀಚುವುದಾ ಅಂತ ಅವರು ಕೈ ಹಿಂದೆ ತೆಗೆದಿದ್ದರೆ ಲ್ಯಾಟಿನ್ ಬಾರದವರಿಗೆ ಆ ಪುಟ ಬರೀ ಚಿತ್ರವಾಗಿಯೇ ಉಳಿಯುತ್ತಿತ್ತು.

ಈಗ ಕಿಟ್ ವಿಷಯಕ್ಕೆ ಬರುತ್ತೇನೆ. ನನ್ನ ದೂರು ಇರುವುದು ಇಲ್ಲಿ. ಗುಣಮಟ್ಟ ಕೆಟ್ಟದ್ದಲ್ಲ, ಮುದ್ರಣ ಚೆನ್ನಾಗಿದೆ, ಬಣ್ಣ ಹಿತವಾಗಿದೆ. ಸ್ಟಿಕರ್‌ಗಳಲ್ಲಿ ಹೂವು, ಬಳ್ಳಿ, ಚಿಟ್ಟೆ, ಜೊತೆಗೆ ಅಂದವಾದ ಅಕ್ಷರದಲ್ಲಿ ವಚನಗಳು. ತೊಂದರೆ ಏನೆಂದರೆ ಎಲ್ಲವೂ ಸಿಹಿ ವಚನಗಳೇ. ಮತ್ತು ಒಂದೊಂದೇ ವಚನ. ಅದರ ಹಿಂದೆ ಏನಿದೆ, ಮುಂದೆ ಏನಿದೆ ಅಂತ ಸ್ಟಿಕರ್ ಹೇಳುವುದಿಲ್ಲ. ಅಂಟಿಸಲು ಅರೆನಿಮಿಷ ಸಾಕು. ಅಷ್ಟರಲ್ಲಿ ಯಾರು ತಾನೇ ಪಕ್ಕದ ವಚನ ಓದುತ್ತಾರೆ?

ಯೆರೆಮೀಯ 29:11 ತಗೊಳ್ಳಿ. ಕಿಟ್‌ನಲ್ಲಿ ಅದರದ್ದೇ ಮೂರು ಬೇರೆ ಬೇರೆ ಸ್ಟಿಕರ್ ಇದ್ದವು. ನಿಮ್ಮ ಬಗ್ಗೆ ನನಗಿರುವ ಯೋಜನೆ ನನಗೆ ಗೊತ್ತು, ಅದು ಕೇಡಿನದಲ್ಲ, ನಿಮಗೆ ನಿರೀಕ್ಷೆ ಕೊಡುವಂಥದು ಅಂತ ದೇವರು ಹೇಳುವ ಮಾತು. ನನಗೂ ಪ್ರಿಯವಾದ ವಚನವೇ. ನಾನು ಅದನ್ನು ಸ್ಟಿಕರ್ ಇಲ್ಲದೆ ಕೈಯಲ್ಲೇ ಅಂಚಿನಲ್ಲಿ ಬರೆಯಲು ಕೂತೆ. ಕೈಯಲ್ಲಿ ಬರೆಯುವಾಗ ಜಾಗ ಅಳೆಯಬೇಕು, ಪೆನ್ಸಿಲಿನಲ್ಲಿ ಮೊದಲು ಗುರುತು ಮಾಡಬೇಕು, ಪೆನ್ನಿನಲ್ಲಿ ತಿದ್ದಬೇಕು, ಶಾಯಿ ಒಣಗಲು ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಕಣ್ಣು ಸುಮ್ನೆ ಮೇಲಿನ ಸಾಲಿಗೆ ಹೋಗುತ್ತದೆ. ಮೇಲಿನ ಸಾಲಿನಲ್ಲಿ ಏನಿದೆ? ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತಿದೆ. ಎಪ್ಪತ್ತು ವರ್ಷ! ಈ ಅಧ್ಯಾಯ ಪ್ರವಾದಿ ಯೆರೆಮೀಯ ಬರೆದ ಒಂದು ಪತ್ರ, ಅದು ಹೋದದ್ದು ಯೆರೂಸಲೇಮ್ ಬಿಟ್ಟು ಬಾಬೆಲಿಗೆ ಸೆರೆಯಾಗಿ ಹೋದವರಿಗೆ. ಅದನ್ನು ಕೇಳಿದ ದೊಡ್ಡವರಲ್ಲಿ ಬಹುಪಾಲು ಮಂದಿ ಆ ದಿನ ನೋಡಲು ಬದುಕಿರುವುದಿಲ್ಲ.

ಹಿಂದಿನ ಅಧ್ಯಾಯಕ್ಕೆ ಹೋದರೆ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ದೇವರ ಹೆಸರಿನಲ್ಲಿ ಹೇಳುತ್ತಾನೆ. ಜನಕ್ಕೆ ಅದು ಎಷ್ಟು ಹಿತವಾಗಿ ಕೇಳಿಸಿರಬೇಕು. ಆದರೆ ಅದು ಸುಳ್ಳು. ಯೆರೆಮೀಯ ಕೊಟ್ಟ ನಿರೀಕ್ಷೆ ನಿಧಾನದ್ದು, ಆದರೆ ನಿಜವಾದದ್ದು. ಎಪ್ಪತ್ತು ವರ್ಷ ಕಾಯುತ್ತಾ ಏನು ಮಾಡಬೇಕು ಅಂತಲೂ ಅದೇ ಅಧ್ಯಾಯದ 5ನೆಯ ವಚನದಿಂದ ಹೇಳಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ಕಡಿಮೆಯಾಗಬೇಡಿ, ಹೆಚ್ಚಿರಿ. ಆಮೇಲೆ 7ನೆಯ ವಚನ: ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಸೆರೆಹಿಡಿದವರ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಬೇಕಂತೆ. ನಿರೀಕ್ಷೆ, ಬೆಳವಣಿಗೆ, ಕರುಣೆ ಮೂರೂ ಏಳೆಂಟು ವಚನದೊಳಗೆ ಒಂದನ್ನೊಂದು ಹಿಡಿದುಕೊಂಡು ನಿಂತಿವೆ. ನನ್ನ ಪುಟದಲ್ಲಿ ಈಗ 11ನೆಯ ವಚನಕ್ಕೆ ದೊಡ್ಡ ಅಕ್ಷರ ಇಲ್ಲ. 5ನೆಯ ವಚನದ ಪಕ್ಕ ಒಂದು ಸಸಿಯ ಚಿತ್ರ ಇದೆ, 7ನೆಯ ವಚನದ ಪಕ್ಕ ನಾನು ಇನ್ನೂ ಪೂರ್ತಿ ಕ್ಷಮಿಸಲು ಆಗದ ಒಬ್ಬರ ಹೆಸರಿನ ಮೊದಲ ಅಕ್ಷರ ಇದೆ. ಅವರಿಗಾಗಿ ಪ್ರಾರ್ಥಿಸುತ್ತೇನೆ. ಸುಲಭವಾಗಿಲ್ಲ, ಆದರೆ ನಿಲ್ಲಿಸಿಲ್ಲ.

ಈ ಬೈಬಲನ್ನು ನಾನು ಹೊಗಳುವುದು ಇದಕ್ಕೇ. ಅಗಲ ಅಂಚು ನಿಮ್ಮನ್ನು ಆ ಪುಟದಲ್ಲಿ ಕೂರಿಸುತ್ತದೆ. ಕೂತರೆ ಪಕ್ಕದ ವಚನ ಕಣ್ಣಿಗೆ ಬೀಳುತ್ತದೆ. ನನಗೆ ದಾರಿ ತೋರಿಸಿದ ವಚನಗಳಲ್ಲಿ ಜಾಸ್ತಿ ಅಂಥ ಪಕ್ಕದ ವಚನಗಳೇ.

ಪ್ರಲಾಪಗಳ ಪುಸ್ತಕ ಇನ್ನೊಂದು, ಯೆರೂಸಲೇಮಿನ ನಾಶಕ್ಕೆ ಅಳುವ ಕವಿತೆಗಳು. ದೇವರ ಕರುಣೆ ಪ್ರತಿ ಬೆಳಗ್ಗೆಯೂ ಹೊಸದು ಅನ್ನುವ ಮಾತು ಅದರ 3ನೆಯ ಅಧ್ಯಾಯ, 22-23ನೆಯ ವಚನ. ಅದಕ್ಕೂ ಸೂರ್ಯೋದಯದ ಸ್ಟಿಕರ್ ಇದೆ. ಆದರೆ ಅದೇ ಅಧ್ಯಾಯದ 18ನೆಯ ವಚನದಲ್ಲಿ ಅದೇ ಕವಿ ನನ್ನ ನಿರೀಕ್ಷೆ ಹಾಳಾಯಿತು ಅಂತಾನೆ. 21ನೆಯ ವಚನಕ್ಕೆ ಬಂದಾಗ ಇದನ್ನು ನೆನೆಸಿಕೊಂಡು ನಿರೀಕ್ಷೆ ಇಟ್ಟಿದ್ದೇನೆ ಅಂತಾನೆ. ನಡುವೆ ಇರುವುದು ಎರಡೇ ವಚನ, ಅವೂ ಕಹಿಯೇ. ಯೆರೂಸಲೇಮ್ ಸುಟ್ಟುಹೋಗಿದೆ, ಪರಿಸ್ಥಿತಿ ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ಅವನು ಏನನ್ನು ನೆನೆಸಿಕೊಳ್ಳುತ್ತಾನೆ ಅನ್ನುವುದಷ್ಟೇ.

ಅದರ ರಚನೆ ಗಮನಿಸಿದ್ದೀರಾ? ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರ. ಪ್ರಲಾಪಗಳ 1, 2, 4ನೆಯ ಅಧ್ಯಾಯಗಳಲ್ಲಿ 22 ವಚನ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಶುರು. ಮಧ್ಯದ 3ನೆಯ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನ, ಒಟ್ಟು 66. ಊರು ಕಳೆದುಕೊಂಡ ಮನುಷ್ಯ ಅಳುವಾಗಲೂ ಅಕ್ಷರ ಅಕ್ಷರ ಜೋಡಿಸಿ ಅಳುತ್ತಾನೆ. 5ನೆಯ ಅಧ್ಯಾಯದಲ್ಲೂ 22 ವಚನ ಇದೆ, ಆದರೆ ಅಕ್ಷರದ ಕ್ರಮ ಇಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಅವನಿಗೆ ಜೋಡಿಸಲೂ ಶಕ್ತಿ ಉಳಿದಿಲ್ಲವೇನೋ ಅಂತ ನನಗೆ ಅನಿಸುತ್ತದೆ. ಕಷ್ಟದ ದಿನಗಳಲ್ಲಿ ಕೈಗೆ ಒಂದು ಕೆಲಸ, ಒಂದು ಅಳತೆ ಇದ್ದರೆ ಮನಸ್ಸು ನಿಲ್ಲುತ್ತದೆ ಅನ್ನುವುದು ಆ ಕವಿಗೆ ಗೊತ್ತಿತ್ತು. ನಾನು ಆ ಅಧ್ಯಾಯದ ಅಂಚಿನಲ್ಲಿ ಮೇಲಿನಿಂದ ಕೆಳಗೆ ‘ಅ’ಯಿಂದ ಶುರುಮಾಡಿ ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು ಪ್ರಾರ್ಥನೆ ಬರೆದೆ. ನೀವೂ ಮಾಡಿ ನೋಡಿ. ಚಿತ್ರ ಬಿಡಿಸಲು ಬಾರದವರಿಗೆ ಇದು ತುಂಬಾ ಒಳ್ಳೆಯ ದಾರಿ.

ಒಟ್ಟಿಗೆ ಕೂತು ಹೀಗೆ ಬೈಬಲಿನಲ್ಲಿ ಬರೆಯುವ ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಮಗುವನ್ನು ಕಳೆದುಕೊಂಡವರು. ಎಲ್ಲರೂ ಹೂವು, ಬೆಳಕು ಬಿಡಿಸುತ್ತಿದ್ದ ಒಂದು ಸಂಜೆ ಅವರು 88ನೆಯ ಕೀರ್ತನೆ ತೆರೆದರು. ಕೀರ್ತನೆಗಳಲ್ಲಿ ದೂರುವವು, ಅಳುವವು ಬಹಳ ಇವೆ, ಆದರೆ ಅವು ಹೆಚ್ಚಾಗಿ ಕೊನೆಗೆ ಒಂದು ಭರವಸೆಯ ಮಾತಿಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಅದು ಕತ್ತಲಲ್ಲೇ ಮುಗಿಯುತ್ತದೆ. ಅಕ್ಕ ಮೆತ್ತಗಿನ 6ಬಿ ಪೆನ್ಸಿಲ್ ತಗೊಂಡು ಅಂಚು ಪೂರ್ತಿ ಕಪ್ಪು ಮಾಡಿದರು. ಅಡ್ಡ ಗೆರೆ, ಅದರ ಮೇಲೆ ಉದ್ದ ಗೆರೆ, ಮತ್ತೆ ಅಡ್ಡ. ಬೆರಳ ತುದಿ ಮಿನುಗುವಷ್ಟು ಸೀಸ ಹತ್ತಿತ್ತು. ಯಾರೂ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪುಸ್ತಕ ಮುಚ್ಚಿದಾಗ ಆ ಕಪ್ಪು ಎದುರು ಪುಟಕ್ಕೂ ಸ್ವಲ್ಪ ಮೆತ್ತಿಕೊಂಡಿತು. ಆ ಪುಟದಲ್ಲಿ 89ನೆಯ ಕೀರ್ತನೆ ಶುರುವಾಗುತ್ತದೆ, ಯೆಹೋವನ ಕೃಪೆಯನ್ನು ಸದಾ ಹಾಡುತ್ತೇನೆ ಅಂತ. ರಬ್ಬರ್‌ನಲ್ಲಿ ಒರೆಸಲಾ ಅಂತ ಒಬ್ಬರು ಕೇಳಿದರು. ಬೇಡ, ಹಾಗೇ ಇರಲಿ ಅಂದರು. ಆಮೇಲೆ ಅವರು ಗುಂಪಿಗೆ ತಪ್ಪದೆ ಬರುತ್ತಿದ್ದಾರೆ. ಮೊದಲಿಗಿಂತ ಜಾಸ್ತಿ ಮಾತಾಡುತ್ತಾರೆ.

ಸ್ಟಿಕರ್ ಹಾಳೆಯಲ್ಲಿ 88ನೆಯ ಕೀರ್ತನೆಗೆ ಏನೂ ಇಲ್ಲ. ಕಿಟ್ ಮಾಡುವವರು ದಯವಿಟ್ಟು ಇದನ್ನು ಯೋಚಿಸಬೇಕು. ದುಃಖದಲ್ಲಿರುವವರೇ ಬೈಬಲನ್ನು ಹೆಚ್ಚು ತೆರೆಯುತ್ತಾರೆ. ಅವರ ಕೈಗೆ ಬರೀ ಚಿಟ್ಟೆ ಕೊಟ್ಟರೆ ಅವರ ದುಃಖಕ್ಕೆ ಇಲ್ಲಿ ಜಾಗ ಇಲ್ಲ ಅಂತ ಹೇಳಿದ ಹಾಗಾಗುತ್ತದೆ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಮಾಡಿದ್ದರಲ್ಲಿ ಒಳ್ಳೆಯ ಕೆಲಸ ಅಂದರೆ ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತದ್ದು. ಖಾಲಿ ಅಂಚು ಆ ಕೆಲಸ ಮಾಡುತ್ತದೆ.

ಕರುಣೆ ವಿಷಯಕ್ಕೆ ಬಂದರೆ, ಲೂಕ 10ರಲ್ಲಿ ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆ ಚಿತ್ರ ಬಿಡಿಸಲು ನಾನು ಎಲ್ಲರಿಗೂ ಹೇಳುವ ಪುಟ. ಕಥೆ ಎಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ಓದುವಾಗ ಬೇಗ ಬೇಗ ದಾಟಿಬಿಡುತ್ತೇವೆ. ಬಿಡಿಸಲು ಕೂತರೆ ಹಾಗೆ ದಾಟಲು ಆಗುವುದಿಲ್ಲ. ಗಾಯಗೊಂಡವನು ಎಲ್ಲಿ ಬಿದ್ದಿದ್ದಾನೆ? ಅವನ ಮುಖ ಯಾವ ಕಡೆ? ಯಾಜಕ ರಸ್ತೆಯ ಆ ಬದಿಗೆ ಸರಿದು ಹೋದಾಗ ಅವನ ಕಣ್ಣು ಎಲ್ಲಿತ್ತು? ಯಾಜಕನೂ, ದೇವಾಲಯದ ಸೇವೆ ಮಾಡುವ ಲೇವಿಯನೂ ಅವನನ್ನು ನೋಡಿದರು ಅಂತ ವಾಕ್ಯ ಸ್ಪಷ್ಟವಾಗಿ ಹೇಳುತ್ತದೆ. ಕಾಣಲಿಲ್ಲ ಅನ್ನುವ ನೆಪ ಅವರಿಗಿಲ್ಲ. ಸಮಾರ್ಯದವನೂ ನೋಡಿದ. ಅವನ ನಂತರದ ಕೆಲಸಗಳನ್ನು ಒಂದೊಂದಾಗಿ ಬಿಡಿಸಿದರೆ ಅಂಚು ತುಂಬಿಹೋಗುತ್ತದೆ: ಹತ್ತಿರ ಬಂದ, ಎಣ್ಣೆ ದ್ರಾಕ್ಷಾರಸ ಹೊಯ್ದ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆತಂದ, ಆರೈಕೆ ಮಾಡಿದ, ಮಾರನೆಯ ದಿನ ಎರಡು ಬೆಳ್ಳಿ ನಾಣ್ಯ ಕೊಟ್ಟ, ಇನ್ನೂ ಖರ್ಚಾದರೆ ಬಂದಾಗ ಕೊಡುತ್ತೇನೆ ಅಂದ. ಕರುಣೆ ಅಂದರೆ ಇಷ್ಟು ಕೆಲಸ. ಬಿದ್ದವನ ಮುಖ ಬಿಡಿಸಲು ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅಷ್ಟು ಹೊತ್ತು ಒಂದು ನೊಂದ ಮುಖವನ್ನು ನೋಡುತ್ತಾ ಕೂತ ಮೇಲೆ ಬೀದಿಯಲ್ಲಿ ಕಂಡ ಮುಖವನ್ನು ನೋಡದೆ ಹೋಗುವುದು ಕಷ್ಟ ಆಗುತ್ತದೆ.

ಹಾಗಂತ ಚಿತ್ರ ಬಿಡಿಸಿದರೆ ಕೆಲಸ ಮುಗಿಯಿತು ಅಂತಲ್ಲ. ಯಾಕೋಬನ ಪತ್ರಿಕೆ 2:15-16 ಈ ಅಭ್ಯಾಸಕ್ಕೆ ನೇರವಾಗಿ ತಾಗುವ ಮಾತು. ಬಟ್ಟೆ ಇಲ್ಲದವರಿಗೆ, ಊಟ ಇಲ್ಲದವರಿಗೆ ಏನೂ ಕೊಡದೆ ಸಮಾಧಾನದಿಂದ ಹೋಗಿ, ಬೆಚ್ಚಗಿರಿ ಅಂತ ಬಾಯಲ್ಲಿ ಹೇಳಿದರೆ ಏನು ಪ್ರಯೋಜನ ಅಂತ ಯಾಕೋಬ ಕೇಳುತ್ತಾನೆ. ಇದನ್ನೂ ಬಂಗಾರದ ಬಣ್ಣದಲ್ಲಿ ಬರೆದು ಪುಟ ಮುಚ್ಚಿಬಿಡಬಹುದು. ಅದಕ್ಕೆ ನಮ್ಮ ಗುಂಪಿನಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಇಂಥ ವಚನದ ಪಕ್ಕ ಒಬ್ಬರ ಹೆಸರು ಮತ್ತು ಒಂದು ಕೆಲಸ ಬರೆಯಬೇಕು. ಯಾರನ್ನು ನೋಡಲು ಹೋಗಬೇಕು, ಯಾರಿಗೆ ಫೋನ್ ಮಾಡಬೇಕು, ಯಾರ ಸಾಲ ಮನ್ನಾ ಮಾಡಬೇಕು. ಮಾಡಿದ ಮೇಲೆ ಸಣ್ಣದಾಗಿ ತಾರೀಖು. ಕೆಲವರು ಆಸ್ಪತ್ರೆಯಲ್ಲಿ ಇರುವವರಿಗೆ ಕೈಯಲ್ಲೇ ಕಾರ್ಡ್ ಮಾಡಿ ಕೊಡುತ್ತಾರೆ, ಅದರಲ್ಲಿ ವಚನ ಬರೆಯುವ ಮುಂಚೆ ಅವರಿಗೆ ಈಗ ಯಾವುದು ಬೇಕು ಅಂತ ಯೋಚಿಸುತ್ತಾರೆ. ಕಿಟ್‌ನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ದಪ್ಪ ಕಾಗದದ ಖಾಲಿ ಕಾರ್ಡುಗಳು ಮಾತ್ರ. ಅದಕ್ಕೆ ಪೂರ್ತಿ ಅಂಕ.

ನನಗೆ ಚಿತ್ರ ಬರಲ್ಲ, ಇದು ನನಗಲ್ಲ ಅನ್ನುವವರಿಗೆ ವಿಮೋಚನಕಾಂಡ 31 ತೋರಿಸುತ್ತೇನೆ. ಒಬ್ಬ ಮನುಷ್ಯನ ಹೆಸರು ಹಿಡಿದು, ಅವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರು ಹೇಳುವುದು ಬೈಬಲಿನಲ್ಲಿ ಮೊದಲು ಬರುವುದು ಅಲ್ಲಿ. ಆ ಮನುಷ್ಯ ರಾಜನಲ್ಲ, ಯಾಜಕನಲ್ಲ. ಬೆಚಲೇಲ, ಕೈಕೆಲಸದವನು. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೆತ್ತುವುದು, ಮರದ ಕೆತ್ತನೆ. 35ನೆಯ ಅಧ್ಯಾಯದಲ್ಲಿ ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಬೇರೆಯವರಿಗೆ ಕಲಿಸುವ ವರವನ್ನೂ ಕೊಟ್ಟ ಅಂತಿದೆ. ಅದೇ ಅಧ್ಯಾಯದಲ್ಲಿ ನೂಲು ತೆಗೆದ ಹೆಂಗಸರ ಮಾತೂ ಬರುತ್ತದೆ. ಚಿತ್ರವೇ ಆಗಬೇಕಿಲ್ಲ, ನಿಮ್ಮ ಕೈಗೆ ಬರುವುದು ಯಾವುದೋ ಅದು.

ತಪ್ಪಾದರೆ ಏನು ಗತಿ ಅನ್ನುವ ಹೆದರಿಕೆಯೂ ಬಹಳ ಜನರಿಗಿದೆ, ಪವಿತ್ರ ಪುಸ್ತಕ ಅಲ್ವಾ. ಸೇಂಟ್ ಜಾನ್ಸ್ ಬೈಬಲ್ ಅಂತ ಒಂದಿದೆ. ಅಮೆರಿಕದ ಮಿನೆಸೋಟದ ಒಂದು ಬೆನೆಡಿಕ್ಟೈನ್ ಮಠದವರು 1998ರಲ್ಲಿ ಡೊನಾಲ್ಡ್ ಜಾಕ್ಸನ್ ಎನ್ನುವ ಲಿಪಿಕಾರರಿಗೆ ಒಪ್ಪಿಸಿದ ಕೆಲಸ. ಇಡೀ ಬೈಬಲನ್ನು ಕರುವಿನ ಚರ್ಮದ ಹಾಳೆ ಮೇಲೆ ಗರಿಯ ಲೇಖನಿಯಿಂದ ಬರೆದದ್ದು. ಏಳು ಸಂಪುಟ, ಮುಗಿದದ್ದು 2011ರಲ್ಲಿ. ಅದರಲ್ಲಿ ಬರೆಯುವಾಗ ಒಂದು ಕಡೆ ಸಾಲು ಬಿಟ್ಟುಹೋಯಿತು. ಹಾಳೆ ಎಸೆಯಲಿಲ್ಲ. ಬಿಟ್ಟುಹೋದ ಸಾಲನ್ನು ಪುಟದ ಕೆಳಗೆ ಬರೆದು, ಒಂದು ದುಂಬಿ ರಾಟೆ ಹಗ್ಗ ಹಾಕಿ ಅದನ್ನು ಅದರ ಜಾಗಕ್ಕೆ ಎಳೆಯುತ್ತಿರುವ ಹಾಗೆ ಚಿತ್ರ ಬಿಡಿಸಿದರು. ನಮ್ಮ ಗುಂಪಿನಲ್ಲಿ ಯಾರ ಕೈ ತಪ್ಪಿದರೂ ಈಗ ಅದೇ ದುಂಬಿಯ ಮಾತು ಬರುತ್ತದೆ.

ಕೈಪಿಡಿಯ ಬಗ್ಗೆಯೂ ಒಂದು ಮಾತು. ದಿನಕ್ಕೊಂದು ಪುಟ, ವರ್ಷಕ್ಕೆ ಇಷ್ಟು ಪುಟ ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಅದನ್ನು ಪಾಲಿಸಬೇಡಿ. ಬೆಳವಣಿಗೆ ಹಾಗೆ ಎಣಿಕೆಗೆ ಸಿಗುವುದಿಲ್ಲ. ಮಾರ್ಕ 4ರಲ್ಲಿ ಬೀಜ ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಅದರ ಬದಲು ಪ್ರತಿ ಟಿಪ್ಪಣಿಗೂ ತಾರೀಖು ಹಾಕಿ, ಅದೇ ಪುಟಕ್ಕೆ ಮತ್ತೆ ಬಂದಾಗ ಬೇರೆ ಬಣ್ಣದಲ್ಲಿ ಬರೆಯಿರಿ. ಫಿಲಿಪ್ಪಿ 4:13ರ ಪಕ್ಕ, ಅಂದರೆ ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ವಚನದ ಪಕ್ಕ, ನನ್ನ ಮೊದಲ ಟಿಪ್ಪಣಿ ಒಂದು ಪರೀಕ್ಷೆ ಪಾಸಾಗುವುದರ ಬಗ್ಗೆ ಇದೆ. ನೀಲಿ ಶಾಯಿ. ಈಚಿನದು ಹಸಿರು ಶಾಯಿ, ಅದು 12ನೆಯ ವಚನದ ಪಕ್ಕಕ್ಕೆ ಸರಿದಿದೆ. ಅಲ್ಲಿ ಆ ಪತ್ರ ಬರೆದ ಪೌಲ ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ ಇರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಆ ಪತ್ರ ಬರೆಯುವಾಗ ಅವನು ಸೆರೆಯಲ್ಲಿದ್ದ. ಎರಡು ಬಣ್ಣ ಒಟ್ಟಿಗೆ ನೋಡಿದಾಗ ದೇವರು ನನ್ನನ್ನು ಎಲ್ಲಿಂದ ಎಲ್ಲಿಗೆ ನಡೆಸಿದ ಅಂತ ಕಾಣುತ್ತದೆ, ಅದು ಬೇರೆ ಯಾವ ಪುಸ್ತಕದಲ್ಲೂ ನನಗೆ ಕಂಡಿರಲಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು: ಹೊಲಿದ ಬೈಂಡಿಂಗ್, ಗೆರೆ ಇಲ್ಲದ ಅಂಚು, ಆಮ್ಲರಹಿತ ಕಾಗದ ಅಂತ ಬರೆದಿರಬೇಕು, ಸಾಧ್ಯವಾದರೆ 36 ಗ್ರಾಂಗಿಂತ ದಪ್ಪ. ಅನುವಾದ ನಿಮಗೆ ಪರಿಚಯ ಇರುವುದೇ ಇರಲಿ, ಚೆಂದದ ರಟ್ಟು ನೋಡಿ ಅರ್ಥವಾಗದ ಭಾಷೆಯದ್ದು ತಗೊಳ್ಳಬೇಡಿ. ಇಡೀ ಬೈಬಲ್ ಬೇಡ, ಮೊದಲು ನೋಡೋಣ ಅನ್ನುವವರಿಗೆ ಕೀರ್ತನೆಗಳು ಮಾತ್ರ ಇರುವ, ಅಥವಾ ಒಂದೇ ಸುವಾರ್ತೆ ಇರುವ ತೆಳು ಪುಸ್ತಕಗಳೂ ಸಿಗುತ್ತವೆ, ಅವುಗಳ ಕಾಗದ ದಪ್ಪ ಇರುತ್ತದೆ. ಮಕ್ಕಳಿಗೂ, ಕೈ ನಡುಗುವ ಹಿರಿಯರಿಗೂ ಅದೇ ಒಳ್ಳೆಯದು. ಯಾರಿಗಾದರೂ ಉಡುಗೊರೆ ಕೊಡುವುದಾದರೆ, ಅದರಲ್ಲೂ ಆ ಯಾರೋ ಈಗ ಕಷ್ಟದಲ್ಲಿದ್ದರೆ, ಒಂದು 2ಬಿ ಪೆನ್ಸಿಲ್, ಒಂದು ರಬ್ಬರ್ ಜೊತೆಗಿಟ್ಟು ಕೊಡಿ. ಮೊದಲ ಪುಟವನ್ನು ನೀವೇ ಅಲಂಕಾರ ಮಾಡಿ ಕೊಡಬೇಡಿ, ಎಲ್ಲಿಂದ ಶುರುಮಾಡಬೇಕು ಅಂತಲೂ ಹೇಳಬೇಡಿ. ಅವರು ಕೇಳಿದರೆ ಜೊತೆಗೆ ಕೂತುಕೊಳ್ಳಿ.